ಏಳು ದೇಶಗಳ ಎನ್ಸಿಯೊ

ಫಿನ್ಲೆಂಡಿನ ನಮ್ಮ ಕುವೊಪಿಯೊ ಕಚೇರಿಯ ಎನ್ಸಿಯೊ ದಿನಾ ಕಾಫಿಗೆ ಮೊದಲು, ಪ್ರಾರ್ಥನೆ ಹೇಳಿದ ಹಾಗೆ, ಏಳು ದೇಶಗಳಲ್ಲಿ ಆಗ ಎಷ್ಟು ಗಂಟೆ ಎಂದು ಗಟ್ಟಿಯಾಗಿ ಓದುತ್ತಾರೆ. ಮರೆವಿನ ಕಾಯಿಲೆಗೆ ಹೊಸ ಔಷಧಿ ಪರೀಕ್ಷಿಸುತ್ತಿರುವ ಏಳು ದೇಶದವರನ್ನು ಕಂಪ್ಯೂಟರ್ ಪರದೆಯ ಮೇಲೆ ಕೂಡಿಸುವುದು ಅವರ ಕೆಲಸ. "ಇಟಲಿಯವರೇ, ಒಬ್ಬೊಬ್ಬರಾಗಿ ಮಾತಾಡಿ, ಫಿನ್ಲೆಂಡಿನವರೇ, ಒಬ್ಬರಾದರೂ ಮಾತಾಡಿ" ಎನ್ನದೆ ಅವರ ಸಭೆ ಶುರುವಾಗದು. ಸ್ಪೇನಿನವರು ಬಂದು ಕೂರುವಷ್ಟರಲ್ಲಿ ಏಲಕ್ಕಿ ಬನ್ನು ಎರಡು ಮುಗಿದಿರುತ್ತವೆ. ಎನ್ಸಿಯೊ ಅವರ ಹೆಂಡತಿ ಹಿಲ್ಕಾಗೂ ಈಗ ಮರೆವು. ಪರೀಕ್ಷೆಯಲ್ಲಿದ್ದ ಜಾಗಕ್ಕಿಂತ ರೋಗಿಗಳು ಹೆಚ್ಚಾಗಿ ಚೀಟಿ ಎತ್ತಿದಾಗ ಅವಳ ಹೆಸರು ಬರಲಿಲ್ಲ. "ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ನಮ್ಮ ಪಟ್ಟಿಗೆ ಸೇರಿಸ್ತೀನಿ, ಯಾರೂ ಕೇಳಲ್ಲ" ಎಂದರು ಪರದೆಯಿಂದ ಇಟಲಿಯ ಒರ್ನೆಲ್ಲಾ. ಎನ್ಸಿಯೊ ಕನ್ನಡಕ ಒರೆಸಿಕೊಂಡರು. "ಬೇಡಮ್ಮಾ. ಹೆಸರು ಬಾರದ ನಲವತ್ತು ಮನೆಗಳಿಗೆ, ಏನೂ ಮಾಡೋಕಾಗಲ್ಲ ಅಂತ ಪತ್ರ ಬರೆದವನು ನಾನೇ."