ಸೆಲ್ವರಾಜನ ನೋವಿನ ಎಣ್ಣೆ

ಗಾಂಜಾ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಚಿನ್ನದ ಗಣಿಯೂರು ಉರಿಗಾಂನ ಪುಷ್ಪ ಸಿಡುಕುತ್ತಿದ್ದಳು. ಅವಳ ತಂಗಿಯ ಮಗ ಓದು ಬಿಟ್ಟು, ಗಣಿಯವರು ಸುರಿದ ಸಯನೈಡ್ ಮಣ್ಣಿನ ದಿಬ್ಬದ ಹಿಂದೆ ಅದನ್ನೇ ಸೇದುತ್ತ ಕೂತು ಹಾಳಾದವನು. ಅಂಥವಳು ಈಗ ಬೆಂಗಳೂರಿನಿಂದ ಬರುವ ರೈಲಿನಲ್ಲಿ, ಗಂಡ ಸೆಲ್ವರಾಜನ ಚೀಲದಲ್ಲಿ ಗಾಂಜಾ ಎಲೆಯ ಎಣ್ಣೆಯ ಸೀಸೆ ಇಟ್ಟುಕೊಂಡು ಮೈ ಬಿಗಿಹಿಡಿದು ಕೂತಿದ್ದಳು.

ಗಣಿಯೊಳಗೆ ಬಂಡೆ ಬಿದ್ದು ಜಜ್ಜಿಹೋಗಿದ್ದ ಸೆಲ್ವರಾಜನ ಸೊಂಟದ ನರ ವಯಸ್ಸಾದಂತೆ ಬೆಂಕಿಯಾಗಿತ್ತು. ಯಾವ ಮಾತ್ರೆಗೂ ನೋವು ಬಗ್ಗಲಿಲ್ಲ. ನಿದ್ದೆ ಅವನನ್ನು ಮರೆತೇಬಿಟ್ಟಿತ್ತು. "ಇದು ಔಷಧಿ, ತಪ್ಪೇನಿಲ್ಲ" ಎಂದು ಆಯುರ್ವೇದದ ಡಾಕ್ಟರಮ್ಮ ಚೀಟಿ ಬರೆದುಕೊಟ್ಟಿದ್ದರೂ ಪುಷ್ಪಳ ಜೀವ ಒಪ್ಪಿರಲಿಲ್ಲ.

ಎದುರು ಸೀಟಿನಲ್ಲಿ ಇಬ್ಬರು ಫೋನಿನ ಸುದ್ದಿ ಹಿಡಿದು ಜಗ್ಗಾಡುತ್ತಿದ್ದರು.

"ಗಾಂಜಾಗೆ ಕಾನೂನಲ್ಲಿ ಒಪ್ಪಿಗೆ ಕೊಡ್ಬೇಕಂತೆ ಕಣ್ಲಾ."

"ಕೊಡ್ಲಿ ಬಿಡ್ಲಾ, ನಿಮ್ಮಾವ ಅಂಗಡಿ ಮಡಗ್ತಾನೆ. ನೀನೇ ಮೊದಲ್ನೇ ಗಿರಾಕಿ!"

ಪುಷ್ಪ ಚೀಲವನ್ನು ಸೆರಗಿನ ಕೆಳಗೆ ಎಳೆದುಕೊಂಡಳು.

ಬಂಗಾರಪೇಟೆಯಲ್ಲಿ ಇಳಿದು, ಉರಿಗಾಂ ದಾಟಿ ಮಾರಿಕುಪ್ಪಂನಲ್ಲಿ ಕೊನೆಯಾಗುವ ಗಾಡಿಯ ಕಡೆಗೆ ನಡೆಯುವಾಗ, ಚೀಲಗಳನ್ನು ತಪಾಸಣೆ ಮಾಡುತ್ತಿದ್ದ ಪೊಲೀಸಿನವನು ಎದುರಾದ. ಅವನಿನ್ನೂ ಬಾಯಿ ತೆರೆದಿರಲಿಲ್ಲ. ಸೆಲ್ವರಾಜ್ ಚೀಲ ಕೆಳಗಿಟ್ಟು, ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ ನಿಂತುಬಿಟ್ಟ.

"ಏನ್ ತಾತ, ಏನ್ ಬಚ್ಚಿಟ್ಟಿದ್ದೀಯ?"

"ಅಭ್ಯಾಸ ಸಾರ್. ಗಣಿಯಿಂದ ಮೇಲೆ ಬಂದ್ರೆ ಚಿನ್ನ ಐತಾ ಅಂತ ಗೇಟಲ್ಲಿ ಇಂಗೇ ನಿಲ್ಸಿ ನೋಡೋರು. ಖಾಕಿ ಕಂಡ್ರೆ ಕೈ ತಾನಾಗೇ ಮೇಲಕ್ಕೋಯ್ತದೆ."

ಪೊಲೀಸಿನವನ ಅನುಮಾನ ಹೆಚ್ಚಾಯಿತು. ಚೀಲ ತಡಕಿ ಸೀಸೆ ತೆಗೆದ, ಲೇಬಲ್ ಓದಿದ. "ಗಾಂಜಾ! ನಡಿ ಠಾಣೆಗೆ."

ಗಂಡನ ನಿದ್ದೆಯೇ ಆ ಕೈಯಲ್ಲಿ ಸಿಕ್ಕಿಬಿದ್ದಂತೆ ಪುಷ್ಪಳಿಗೆ ಕಂಡಿತು. ಇಬ್ಬರ ನಡುವೆ ನುಗ್ಗಿದಳು.

"ಸಾರ್, ಗಾಂಜಾ ಬೈಯೋದ್ರಲ್ಲಿ ನಾನು ನಿಮಗಿಂತ ಮುಂದೆ. ಆದ್ರೆ ಇದು ಸೇದೋದಲ್ಲ, ನೋವಿನ ಮದ್ದು. ಚೀಟಿ ನೋಡಿ, ಡಾಕ್ಟರಮ್ಮಂಗೆ ಫೋನ್ ಮಾಡಿ ಕೇಳಿ. ಇದನ್ನ ಕಿತ್ಕೊಂಡ್ರೆ ಈ ಮನುಷ್ಯ ಮಲಗೋದೆಂಗೆ?"

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು.

ಪೊಲೀಸಿನವನು ಡಾಕ್ಟರಮ್ಮನಿಗೆ ಫೋನ್ ಮಾಡಿದ, ಆಮೇಲೆ ತನ್ನ ಸಾಹೇಬರಿಗೂ ಮಾಡಿದ. ಕೇಳುತ್ತ ಕೇಳುತ್ತ ಅವನ ಮುಖ ಸಡಿಲವಾಯಿತು.

"ಚೀಟಿ ಇದ್ರೆ ತೊಂದ್ರೆ ಇಲ್ವಂತೆ. ಮೊದ್ಲೇ ತೋರ್ಸೋದಲ್ವೇನಮ್ಮ?"

"ನೀವು ಕೇಳೋಕ್ಮುಂಚೇನೇ ಇವ್ರು ಶರಣಾದ್ರಲ್ಲ ಸಾರ್!"

"ಕೈ ಇಳಿಸ್ಲಾ ಸಾರ್?" ಎಂದ ಸೆಲ್ವರಾಜ್. ಪೊಲೀಸಿನವನು ನಕ್ಕು ಸೀಸೆಯನ್ನು ಪುಷ್ಪಳ ಕೈಗಿಟ್ಟ.

ಗಾಡಿ ಹೊರಡಲು ಇನ್ನೂ ಬಹಳ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಗಂಡನನ್ನು ಕೂರಿಸಿ, ಡಾಕ್ಟರಮ್ಮ ಹೇಳಿದಂತೆ ಅವನ ನಾಲಿಗೆಯ ಕೆಳಗೆ ಅವಳೇ ಹನಿ ಬಿಟ್ಟಳು. ಗಾಡಿ ಹತ್ತಿ ಕೋರಮಂಡಲ್ ನಿಲ್ದಾಣ ದಾಟುವ ಹೊತ್ತಿಗೆ ಅವನ ತಲೆ ಅವಳ ಭುಜಕ್ಕೆ ವಾಲಿತ್ತು. ಹಣೆಯ ಗಂಟು ಬಿಚ್ಚಿಕೊಂಡಿತ್ತು. ಎಷ್ಟೋ ಕಾಲದ ಮೇಲೆ ಅವನ ಉಸಿರು ಮಗುವಿನ ಉಸಿರಿನಂತೆ ನಿಧಾನವಾಗಿ ಬಂದುಹೋಗುತ್ತಿತ್ತು.

ಉರಿಗಾಂ ಬಂತು. ಅದೇ ಡಬ್ಬಿಯಲ್ಲಿದ್ದ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಬುಟ್ಟಿ ಎತ್ತಿಕೊಂಡು, "ಇಳಿಯಲ್ವೇನೇ ಪುಷ್ಪ?" ಎಂದಳು.

"ಇವ್ರು ಮಲಗವ್ರೆ ಅಕ್ಕಾ. ಮಾರಿಕುಪ್ಪಂವರ್ಗೂ ಓಗಿ ಇದೇ ಗಾಡೀಲಿ ವಾಪಸ್ ಬತ್ತೀವಿ. ನೀ ಮೆಲ್ಲಗೆ ಮಾತಾಡು."