ಅಕ್ಕನ ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿದ್ದು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಲಾವಿದೆ ಗಿಲಾವಿದೆ ಅನ್ನಬೇಡಿ. ಚನ್ನರಾಯಪಟ್ಟಣದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಇವುಗಳ ಮಧ್ಯೆ ಫೋಟೊಗಳ ಬ್ಯಾಕ್‌ಗ್ರೌಂಡ್ ಬದಲಾಯಿಸುವ ಕೆಲಸವೂ ಬರುತ್ತದೆ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇದೆ. ಮನುಷ್ಯನನ್ನು ಕತ್ತರಿಸು, ಹಿಂದಿರುವುದನ್ನು ಅಳಿಸು, ಬೇರೆಯದನ್ನು ಹಾಕು, ಅಂಚನ್ನು ಸ್ವಲ್ಪ ಮಸುಕು ಮಾಡು. ನನ್ನ ವಿದ್ಯೆ ಅಷ್ಟೇ.

ಬರುವುದರಲ್ಲಿ ತೀರಿಹೋದವರ ಫೋಟೊಗಳೇ ಜಾಸ್ತಿ. ಎಲ್ಲರನ್ನೂ ನಾನು ಒಂದೇ ಜಾಗಕ್ಕೆ ಕಳಿಸುತ್ತಿದ್ದೆ: ನೀಲಿ ಆಕಾಶ, ಬಿಳಿ ಮೋಡ, ಕೆಳಗೊಂದಿಷ್ಟು ಗುಲಾಬಿ. ಜೀವಮಾನವೆಲ್ಲ ಆಲೂಗಡ್ಡೆ ಹೊಲದಲ್ಲಿ ಬಗ್ಗಿದವರೂ ಅದೇ ಮೋಡದ ಮೇಲೆ, ಬಸ್ಸಿನಲ್ಲಿ ಟಿಕೆಟ್ ಹರಿದವರೂ ಅದೇ ಮೋಡದ ಮೇಲೆ. ಯಾರೂ ಬೇಡ ಎಂದಿರಲಿಲ್ಲ. ಮೊದಲು ಬೇಡ ಎಂದವಳು ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು.

ಅಕ್ಕ ನಮ್ಮೂರಲ್ಲೇ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಹತ್ತು ದಿನ ಇರುವಾಗ ಅಂಗಡಿಗೆ ಬಂದು ಒಂದು ಹಳೇ ಫೋಟೊ ಕೊಟ್ಟಳು. ಯಾರದೋ ಮದುವೆಯ ಗುಂಪು. ತುದಿಯಲ್ಲಿ, ಬಾಳೆಕಂಬದ ಪಕ್ಕ, ಅವಳ ಅವ್ವ ನಿಂತಿದ್ದರು. ಅವ್ವನದು ಅಂತ ಇರುವುದು ಅದೊಂದೇ ಫೋಟೊ.

"ಮೋಡ ಗೀಡ ಬ್ಯಾಡ ಕಣೆ. ಅವ್ವನ್ನ ಅವಳ ಬಾಗ್ಲಲ್ಲೇ ನಿಲ್ಸ್‌ಕೊಡು."

"ಬಾಗ್ಲೆಲ್ಲಿದೆ ಅಕ್ಕ? ನಿಮ್ಮಣ್ಣ ಆ ಮನೆ ಕೆಡವಿ ಆರ್‌ಸಿಸಿ ಆಕ್ಸಿಲ್ವಾ?"

"ಅದುಕ್ಕೇ ನಿನ್ ತಾವ ಬಂದಿರೋದು. ಇದ್ದಿದ್ರೆ ನಿನ್ ಮುಖ ನೋಡ್ತಿದ್ನಾ?"

ಅವಳ ತವರು ಅರಕಲಗೂಡಿನ ಆಚೆ. ಹೊಗೆಸೊಪ್ಪು ಬೆಳೆಯುವ ಮನೆ. ನಾನು ಮದುವೆಯಾಗಿ ಬರುವಷ್ಟರಲ್ಲಿ ಅವಳ ಅವ್ವ ತೀರಿಹೋಗಿದ್ದರು, ಹಳೇ ಮನೆಯೂ ಹೋಗಿತ್ತು. ಎರಡನ್ನೂ ನಾನು ಕಂಡವಳಲ್ಲ. ಮನೆಯ ಫೋಟೊ ಅವಳ ಅಣ್ಣನ ಹತ್ತಿರವೂ ಇಲ್ಲ. ಆಗ ಮನೆಯ ಫೋಟೊ ಯಾರು ತೆಗೆಯುತ್ತಿದ್ದರು?

ಹಿರೀಸಾವೆಯಲ್ಲಿ ಹೆದ್ದಾರಿಯ ಹಿಂದಿನ ಓಣಿಯಲ್ಲಿ ಒಂದು ಹಳೇ ಹೆಂಚಿನ ಮನೆ ಇದೆ. ಬಸ್ಸು ಹತ್ತಿ ಹೋಗಿ, ಮನೆಯವರನ್ನು ಕೇಳಿ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದೆ. ಜಗಲಿ, ಬಾಗಿಲು, ಬಾಗಿಲ ಬಲಗಡೆ ಜಗಲಿಯಲ್ಲೇ ಹೂತಿದ್ದ ಒರಳುಕಲ್ಲು. ಅಂಗಡಿಯಲ್ಲಿ ಅಕ್ಕನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಕೆಲಸ ಶುರು ಮಾಡಿದೆ. ಹೆಂಚಿನ ಮೇಲಿದ್ದ ಡಿಶ್ ಅಳಿಸಿದೆ. ಮೀಟರ್ ಬೋರ್ಡ್ ಅಳಿಸಿದೆ. ನೀಲಿ ಬಾಗಿಲನ್ನು ಹಸಿರು ಮಾಡಿದೆ. ಹಸಿರಿನಲ್ಲೇ ಅರ್ಧ ದಿನ ಹೋಯಿತು.

"ಇದು ಗಿಣಿ ಹಸುರು. ನಮ್ದು ಇಂಗಿರ್ನಿಲ್ಲ."

"ಮತ್ತೆಂಗಿತ್ತು?"

"ಪಾಚಿ ಕಟ್ಟಿರೋ ತೊಟ್ಟಿ ಇರ್ತದಲ್ಲ, ಅದು ಒಣಗಿದ್ರೆ ಎಂಗಿರ್ತದೆ? ಅಂಗೆ."

ಅದನ್ನೂ ಮಾಡಿದೆ. ಆಮೇಲೆ ಅಕ್ಕ ಒರಳನ್ನು ಹಿಡಿದುಕೊಂಡಳು. "ಒರಳು ಈ ಕಡೆ ಅಲ್ಲ ಕಣೆ. ಬಾಗ್ಲ ಎಡಕ್ಕಿತ್ತು. ಅವ್ವ ಅಲ್ಲೇ ನಿಂತು ಬತ್ತ ಕುಟ್ಟೋಳು, ನಾನು ವಸ್ಲು ಮೇಲೆ ಕುಂತಿರ್ತಿದ್ದೆ. ನಂಗೊತ್ತಿಲ್ವಾ?"

ಕಲ್ಲನ್ನು ಕತ್ತರಿಸಿ ಆಚೆ ಕಡೆ ಕೂರಿಸುವ ತಾಳ್ಮೆ ನನಗಿರಲಿಲ್ಲ. ಇಡೀ ಮನೆಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟೆ. ಒಂದು ಬಟನ್ ಒತ್ತಿದರೆ ಆಯಿತು. ಒರಳು ಎಡಕ್ಕೆ ಬಂತು. ಆದರೆ ಮನೆಯ ಮೇಲಿನ ಬಿಸಿಲೂ ಆಚೆ ಕಡೆಗೆ ಹೋಯಿತು. ಈಗ ಮನೆಗೆ ಒಂದು ಕಡೆಯಿಂದ ಬಿಸಿಲು, ಅವ್ವನ ಮುಖಕ್ಕೆ ಇನ್ನೊಂದು ಕಡೆಯಿಂದ. ನೋಡಿದವರಿಗೆ ಏನೋ ಅಂಟಿಸಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ. ಸರಿ, ಅವ್ವನನ್ನೂ ಹಾಗೇ ತಿರುಗಿಸಿದೆ. ಬಿಸಿಲು ಕೂಡಿಕೊಂಡಿತು. ಅವ್ವ ಹಸಿರು ಬಾಗಿಲಿನಲ್ಲಿ ನಿಂತರು. ಅಕ್ಕ ಕಣ್ಣೊರೆಸಿಕೊಂಡು, "ಸಾಕು, ಇನ್ನೇನೂ ಮುಟ್ಬ್ಯಾಡ" ಎಂದಳು. ನಾನು ಹಾಸನಕ್ಕೆ ಹೋಗಿ ಮೂರಡಿ ಎತ್ತರಕ್ಕೆ ಪ್ರಿಂಟ್ ಹಾಕಿಸಿಕೊಂಡು ಬಂದೆ.

ಗೃಹಪ್ರವೇಶಕ್ಕೆ ಮೂರು ದಿನ ಮೊದಲು ಅಕ್ಕನ ಚಿಕ್ಕವ್ವ ಅರಕಲಗೂಡಿನಿಂದ ಬಂದರು. ಅವ್ವನ ಸ್ವಂತ ತಂಗಿ. ಅಕ್ಕ ಅವರನ್ನು ಮನೆಗೂ ಕರೆದುಕೊಂಡು ಹೋಗದೆ ಬಸ್ ಸ್ಟ್ಯಾಂಡಿನಿಂದ ಸೀದಾ ಅಂಗಡಿಗೆ ಕರೆತಂದಳು. ನಾನು ಪ್ರಿಂಟು ಬಿಚ್ಚಿ ಹಿಡಿದೆ. ಚಿಕ್ಕವ್ವ ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಯಾರವ್ವ ಇವಳು?"

"ಅವ್ವ ಕಣ್ ಚಿಕ್ಕವ್ವ!"

"ನಮ್ಮಕ್ಕ ಯಾವಾಗವ್ವ ಕೊಡುಗ್ರ ಎಣ್ಣಾದ್ಲು? ಸೆರಗು ಬಲಗಡೀಗೆ ಬಂದದೆ?"

ಅರಕಲಗೂಡಿನವರಿಗೆ ಕೊಡಗು ಪಕ್ಕದಲ್ಲೇ. ಸೆರಗು ಬಲ ಭುಜದ ಮೇಲೆ ಬರುವುದು ಆ ಕಡೆಯ ಹೆಂಗಸರಿಗೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ನಾನು ನೋಡಿದೆ. ನಿಜ. ನಾನೂ ದಿನಾ ಸೀರೆ ಉಡುವವಳೇ. ಎರಡು ದಿನ ಆ ಸೆರಗಿನ ಅಂಚನ್ನು ಒಂದೊಂದೇ ಚುಕ್ಕೆ ಕೂಡಿಸಿ ಕತ್ತರಿಸಿದ್ದೆ, ಅದು ಯಾವ ಭುಜದ ಮೇಲಿದೆ ಎಂದು ನೋಡಿರಲಿಲ್ಲ. "ಮೂಗ್‌ಬಟ್ಟೂ ಆ ಕಡೀಗೇ ಬಂದದೆ" ಎಂದರು ಚಿಕ್ಕವ್ವ.

ನನ್ನದು ಬಿಡಿ, ನಾನು ಅವರನ್ನು ಕಂಡವಳೇ ಅಲ್ಲ. ಅಕ್ಕನ ಮುಖ ನೋಡಲಾಗಲಿಲ್ಲ. ಸ್ಟೂಲಿನ ಮೇಲೆ ಕೂತಳು. "ನಂಗೇ ತಿಳೀಲಿಲ್ವಲ್ಲ. ಅವ್ವನ ಮುಖ ಇಂಗೆ ಅಂತ ಒಪ್ಕಂಬುಟ್ಟೆ. ಮರ್ತೋಯ್ತಾ ನಂಗೆ?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಎಲ್ಲಾ ಆ ಒರಳಿಂದ ಆಗಿದ್ದು" ಎಂದೆ. ಒರಳು ಎಡಕ್ಕಿತ್ತೆಂದು ಮನೆ ತಿರುಗಿಸಿದ್ದು, ಮನೆಗೋಸ್ಕರ ಅವ್ವನನ್ನು ತಿರುಗಿಸಿದ್ದು, ಎಲ್ಲವನ್ನೂ ಚಿಕ್ಕವ್ವನಿಗೆ ಬಿಡಿಸಿ ಹೇಳಿದೆ.

"ಒರಳು ಎಡಕ್ಕೇ ಇದ್ದಿದ್ದು, ದಿಟ" ಎಂದರು ಅವರು. ಅಕ್ಕ ತಲೆ ಎತ್ತಿದಳು. ಚಿಕ್ಕವ್ವ ನಮ್ಮ ಅಂಗಡಿಯ ಬಾಗಿಲಿಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ನಿಂತು ಎಡಗೈ ಚಾಚಿದರು. "ಇಲ್ಲಿ." ಆಮೇಲೆ ಸೀರೆ ಎತ್ತಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಹೋಗಿ, ನಮ್ಮ ಕಡೆ ತಿರುಗಿ ಅದೇ ಜಾಗ ತೋರಿಸಿದರು. "ಇಲ್ಲಿಂದ ನೋಡುದ್ರೆ ಬಲಕ್ಕೆ. ನೀನೆಂಗೆ ಎಡ ಅಂದೆ?"

"ನಾನು ಒಳುಗ್ಲಿಂದ ನೋಡಿ ಅಂದೆ" ಎಂದಳು ಅಕ್ಕ.

ಹೊಸಿಲ ಮೇಲೆ ಕೂತು ಬೀದಿ ನೋಡಿಕೊಂಡು ಬೆಳೆದ ಹುಡುಗಿ. ಮನೆಯನ್ನು ಬೀದಿಯಿಂದ ನೋಡುವುದು ನೆಂಟರ ಕೆಲಸ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನಾನು ಮಾತ್ರ ಬೀದಿಯಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಹಿರೀಸಾವೆಯ ಮನೆ ನಾನು ಫೋಟೊ ಹೊಡೆದ ಹಾಗೇ ಸರಿ ಇತ್ತು, ಮದುವೆ ಫೋಟೊದ ಅವ್ವನೂ ಇದ್ದ ಹಾಗೇ ಸರಿ ಇದ್ದರು, ಬಿಸಿಲೂ ಎರಡಕ್ಕೂ ಒಂದೇ ಕಡೆಯಿಂದ ಬಿದ್ದಿತ್ತು. ಎರಡನ್ನೂ ವಾಪಸ್ ತಿರುಗಿಸಲು ಅರ್ಧ ನಿಮಿಷವೂ ಆಗಲಿಲ್ಲ. ಅವ್ವ ಸ್ಕ್ರೀನಿನ ಮೇಲೆ ತಿರುಗಿದ ಕೂಡಲೇ ಅಕ್ಕನ ಬಾಯಿಂದ ಒಂದು ಸದ್ದು ಬಂತು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. "ಇದು. ಇದೇ ಮುಖ" ಎಂದಳು. ಅವಳಿಗೆ ಏನೂ ಮರೆತಿರಲಿಲ್ಲ. ನಾನು ತೋರಿಸಿದ್ದೇ ಬೇರೆ ಮುಖ.

ಮಾರನೆಯ ದಿನ ಮತ್ತೆ ಹಾಸನದ ಬಸ್ಸು, ಮತ್ತೆ ಪ್ರಿಂಟು. ಹಳೆಯ ಪ್ರಿಂಟನ್ನು ಹರಿಯಲು ನನಗೂ ಕೈ ಬರಲಿಲ್ಲ, ಅಕ್ಕನಿಗೂ ಬರಲಿಲ್ಲ. ಸುತ್ತಿ ಜೆರಾಕ್ಸ್ ಮೆಷಿನ್ನಿನ ಹಿಂದೆ ಇಟ್ಟಿದ್ದೇನೆ.

ಹಾಲ್‌ನಲ್ಲಿ ಟೀವಿ ಪಕ್ಕ ನೇತುಹಾಕುವುದೆಂದು ಮೊದಲು ಮಾತಾಗಿತ್ತು, ಮೊಳೆಯೂ ಹೊಡೆದಾಗಿತ್ತು. ಗೃಹಪ್ರವೇಶದ ಬೆಳಿಗ್ಗೆ ಅಕ್ಕ ಆ ಮೊಳೆ ಕೀಳಿಸಿ, ಮುಂಬಾಗಿಲಿಗೆ ಸರಿಯಾಗಿ ಎದುರಿನ ಗೋಡೆಗೆ ಹೊಡೆಸಿದಳು. ಹೊಸ ಪೇಂಟ್ ಹಾಳಾಯಿತೆಂದು ಭಾವ ಗೊಣಗಿದರು. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ನೆಂಟರು ಬರುವ ಹಾಗೆ ಒಳಗೆ ಬಂದಳು. ಎದುರಿಗೆ ಹಸಿರು ಬಾಗಿಲು, ಬಲಕ್ಕೆ ಒರಳು, ನಡುವೆ ಅವ್ವ.

"ನಮ್ಮನೆ ಬೀದಿಂದ ಇಂಗೆ ಕಾಣ್ತಿತ್ತಾ ಚಿಕ್ಕವ್ವ?"

"ಊಂ ಕಣವ್ವ" ಎಂದರು ಚಿಕ್ಕವ್ವ, "ನಾನು ಬಂದಾಗೆಲ್ಲ ಇಂಗೇ ನಿಂತಿರೋಳು."