ಬೋರ್ಡಿನಲ್ಲಿ ನಾನು ಬರೆದ ಏಳು ಗಂಟೆ

ಕೊರೊನಾ ಅಬ್ಬರ ತಗ್ಗಿದ ಮರುವರ್ಷ ನಾನು ಮಾಗಡಿ ರಸ್ತೆಯ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಲೇಬರ್ ವಾರ್ಡಿನ ಹಿರಿಯ ಸಿಸ್ಟರ್ ಆಗಿದ್ದೆ. ಸಿಸೇರಿಯನ್ ವಿಪರೀತವಾಗಿದೆ, ಅನಗತ್ಯವಾದದ್ದು ನಿಲ್ಲಬೇಕು ಎಂದು ಆಡಳಿತದವರು ಮೀಟಿಂಗ್ ಕರೆದು ತಾಕೀತು ಮಾಡಿದ್ದರು. ಮೀಟಿಂಗಿನುದ್ದಕ್ಕೂ ನಾನು ಡಾಕ್ಟರುಗಳನ್ನೇ ದುರುಗುಟ್ಟಿ ನೋಡುತ್ತಿದ್ದೆ. ಕೊಯ್ಯುವವರು ಅವರು ತಾನೇ!

ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಹೆಗ್ಗನಹಳ್ಳಿಯಿಂದ ಮಂಜುಳಾ ಬಂದಳು. ಚೊಚ್ಚಲ ಬಸುರಿ, ಗಾರ್ಮೆಂಟ್ಸಿನಲ್ಲಿ ಐರನ್ ಮಾಡುವವಳು. ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರ್ ತೆರೆದಿತ್ತು, ಹೆರಿಗೆಗೆ ಹತ್ತಾಗಬೇಕು. ನೋವು ಆಗೊಮ್ಮೆ ಈಗೊಮ್ಮೆ. ಮನೆಗೆ ಹೋಗಿ ಬರಬಹುದಿತ್ತು. ಆದರೆ ಆ ಗುಂಡಿ ರಸ್ತೆಯಲ್ಲಿ ಆಟೋ ಹತ್ತಿ ಇನ್ನೊಮ್ಮೆ ಕುಲುಕಾಡುವುದು ಬೇಡವೆಂದು ನಾನೇ ಸೇರಿಸಿಕೊಂಡೆ. ವಾರ್ಡಿನ ಬೋರ್ಡಿನಲ್ಲಿ ‘ಹೆರಿಗೆ ನೋವು ಶುರು: 7’ ಎಂದು ಅಭ್ಯಾಸಬಲದಿಂದ ಬರೆದೆ.

“ಆಪರೇಷನ್ ಬೇಡ ಸಿಸ್ಟರ್. ನಮ್ಮಕ್ಕಂಗೆ ಮಾಡಿದ್ರು. ಹೊಲಿಗೆ ಕೀವು ಕಟ್ಟಿ ಎಷ್ಟೋ ದಿನ ಮಗೂನ ಎತ್ಕೊಳ್ಳಕ್ಕೇ ಆಗ್ಲಿಲ್ಲ. ನಂಗೆ ಅದೇ ಭಯ,” ಎಂದಳು.

ಮಧ್ಯಾಹ್ನ ಒಂದಕ್ಕೆ ಡ್ಯೂಟಿ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೋರ್ಡು ನೋಡಿ, ಮಂಜುಳಾಳನ್ನು ಪರೀಕ್ಷಿಸಿ, “ಆರು ಗಂಟೆ ಆಯ್ತು, ಇನ್ನೂ ನಾಲ್ಕೇ ಸೆಂಟಿಮೀಟರ್. ಪ್ರೋಗ್ರೆಸ್ ಇಲ್ಲ. ಓಟಿ ರೆಡಿ ಮಾಡ್ಸಿ ಸಿಸ್ಟರ್,” ಎಂದರು. ಮಂಜುಳಾ ಗೋಡೆ ಕಡೆ ತಿರುಗಿ ಅಳತೊಡಗಿದಳು.

ಆಪರೇಷನ್ ಥಿಯೇಟರಿಗೆ ಫೋನ್ ಮಾಡಲು ಹೋದೆ. ಬೋರ್ಡು ಎದುರಿಗೇ ಇತ್ತು. ಏಳು ಗಂಟೆ ಅವಳು ಬಂದ ಹೊತ್ತು. ನಿಜವಾದ ನೋವು ಆಗಿನ್ನೂ ಕೂಡಿರಲೇ ಇಲ್ಲ. ಅಯ್ಯೋ ದೇವರೇ, ಇಷ್ಟು ದಿನ ಡಾಕ್ಟರುಗಳನ್ನು ಬೈದುಕೊಂಡ ನಾನೇ ಹೀಗೆ ಎಷ್ಟು ಜನರನ್ನು ಓಟಿಗೆ ತಳ್ಳಿದ್ದೆನೋ! ನಾಚಿಕೆಯಾಯಿತು.

“ಡಾಕ್ಟ್ರೇ, ತಪ್ಪು ನಂದು. ಅದು ಅವಳು ಬಂದ ಟೈಮು. ನೋವು ಸರಿಯಾಗಿ ಈಗ ಶುರು ಆಗ್ತಿದೆ,” ಎಂದೆ.

ಅವರು ಮಗುವಿನ ಎದೆಬಡಿತ ಮತ್ತೆ ಪರೀಕ್ಷಿಸಿದರು. ಚೆನ್ನಾಗಿತ್ತು. “ಸರಿ, ಕಾಯೋಣ. ಅರ್ಧರ್ಧ ಗಂಟೆಗೂ ಎದೆಬಡಿತ ನೋಡ್ಬೇಕು.”

ಹೊರಗಿದ್ದ ಮಂಜುಳಾಳ ಅತ್ತೆ ಜಯಮ್ಮ ನನ್ನ ಮೇಲೆ ಹರಿಹಾಯ್ದರು. “ಕೊಯ್ದು ತೆಗ್ದುಬಿಡಿ ಅಂದ್ರೆ ಕಾಯೋದಂತೆ! ನೋವು ತಿಂದೂ ತಿಂದೂ ಸಾಯ್ಲಾ ನಮ್ಮುಡುಗಿ?”

“ಕೂಗಾಡೋ ಶಕ್ತಿ ಇದ್ಯಲ್ಲಮ್ಮ, ಒಳಗ್ ಬನ್ನಿ, ಅವಳ ಸೊಂಟ ಉಜ್ಜಿ!” ಎಂದೆ.

ಮನೆಯವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೂ ಡಾಕ್ಟರು ಒಪ್ಪಿ ತಲೆಯಾಡಿಸಿದರು. ಜಯಮ್ಮ ಸೊಸೆಗೆ ಗಂಜಿ ಕುಡಿಸಿದರು, ಕೈಹಿಡಿದು ಕಾರಿಡಾರಿನಲ್ಲಿ ನಡೆಸಿದರು. ನನ್ನ ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ. ನಾಲ್ಕರ ಹೊತ್ತಿಗೆ ನೋವು ಬಿರುಸಾಯಿತು. ಏಳೂವರೆಗೆ ಹೆಣ್ಣು ಮಗು. ಮಂಜುಳಾ ತಾನೇ ಕೈಚಾಚಿ ಎತ್ತಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ.

ಅಂದಿನಿಂದ ಬೋರ್ಡಿನಲ್ಲಿ ಬಂದ ಹೊತ್ತು ಬೇರೆ, ನೋವು ಕೂಡಿದ ಹೊತ್ತು ಬೇರೆ ಬರೆಯತೊಡಗಿದೆವು. ಅವಸರದ ಸಿಸೇರಿಯನ್‌ಗಳು ನಿಧಾನವಾಗಿ ತಗ್ಗಿದವು. ಆಪರೇಷನ್ ಏನೂ ಶತ್ರುವಲ್ಲ. ಅದೇ ವಾರ ಇನ್ನೊಬ್ಬಳ ಮಗುವಿನ ಎದೆಬಡಿತ ಕುಸಿದಾಗ ಟ್ರಾಲಿಯನ್ನು ನಾನೇ ಓಟಿಗೆ ಓಡಿಸಿದ್ದೆ.

ಈಗ ನಿವೃತ್ತಳು. ಕೆಲಸಕ್ಕೆ ಸೇರುವ ಹುಡುಗಿಯರಿಗೆ ಒಂದೇ ಮಾತು ಹೇಳುತ್ತೇನೆ: ತಪ್ಪು ನಿಮ್ಮದಾದರೆ ಕೊಯ್ಯುವ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಅದು ಬರೀ ಕ್ಷಮಾಪಣೆ.